ರೂನೆಯ ಉಣ್ಣೆ ಪ್ಯಾಂಟು

ಹುಲ್ಡಾಳನ್ನು ಜೊತೆಗೆ ಕರೆದುಕೊಂಡು ಅಂಗಡಿಗೆ ಹೋದವರು ಬರಿಗೈಯಲ್ಲಿ ವಾಪಸು ಬಂದದ್ದುಂಟು, ತಪ್ಪು ಪ್ಯಾಂಟು ಕೊಂಡು ಬಂದದ್ದಿಲ್ಲ. ಸ್ವೀಡನ್ನಿನ ಹೆರ್ಯೆದಾಲೆನ್ ಸೀಮೆಯ ಆ ಕಾಡಿನ ಹಳ್ಳಿಯಲ್ಲಿ ಗಂಡಸಾಗಲಿ ಹೆಂಗಸಾಗಲಿ ಬದುಕಿನ ಮುಕ್ಕಾಲು ಪಾಲನ್ನು ಮನೆಯ ಹೊರಗೇ ಕಳೆಯುತ್ತಿದ್ದರು. ವಸಂತದಲ್ಲಿ ಸಸಿ ನೆಡುವುದು, ಬೇಸಿಗೆಯಲ್ಲಿ ಮೀನು, ಆಮೇಲೆ ಹಣ್ಣು, ಸೆಪ್ಟೆಂಬರ್ ಬಂತೆಂದರೆ ಮೂಸ್ ಎಂಬ ಕುದುರೆಯೆತ್ತರದ ಕಾಡುಜಿಂಕೆಯ ಬೇಟೆ, ಹಿಮ ಬಿದ್ದ ಮೇಲೆ ಮರ ಕಡಿಯುವುದು ಮತ್ತು ಸ್ಕೀ. ಇಷ್ಟಕ್ಕೂ ಸೇರಿ ಒಬ್ಬೊಬ್ಬರಿಗೆ ಒಂದೋ ಎರಡೋ ಪ್ಯಾಂಟು. ಅದು ಕೈಕೊಟ್ಟರೆ ದಿನವೇ ಕೈಕೊಟ್ಟ ಹಾಗೆ. ಮದುವೆಯಾಗುವಾಗ ಮಾಡದಷ್ಟು ಯೋಚನೆಯನ್ನು ಅಲ್ಲಿನವರು ಪ್ಯಾಂಟು ಕೊಳ್ಳುವಾಗ ಮಾಡುತ್ತಿದ್ದರು ಎಂದರೆ ನಗಬೇಡಿ. ಕೆಟ್ಟ ಗಂಡನನ್ನು ಸಹಿಸಿಕೊಂಡವರು ಆ ಊರಲ್ಲಿ ಹತ್ತಾರು ಜನ ಇದ್ದರು, ತೊಡೆಸಂದಿಯಲ್ಲಿ ಉಜ್ಜುವ ಪ್ಯಾಂಟನ್ನು ಸಹಿಸಿಕೊಂಡವರು ಒಬ್ಬರೂ ಇರಲಿಲ್ಲ.

ಅಂಗಡಿಯ ಎದ್ವಿನನಿಗೆ ಹುಲ್ಡಾ ಬಂದಳೆಂದರೆ ಅರ್ಧ ಸಂತೋಷ, ಅರ್ಧ ಸಂಕಟ. ಅವಳಿಗೋಸ್ಕರವೇ ಅವನು ಅಂಗಡಿಯ ನಡುವೆ ಒಂದು ಬರ್ಚ್ ಮರದ ದಿಮ್ಮಿ ಹಾಕಿಸಿದ್ದ. ಪ್ಯಾಂಟು ತೊಟ್ಟವರು ಮೊದಲು ಅದನ್ನು ದಾಟಬೇಕು, ಆಮೇಲೆ ಕುಕ್ಕರುಗಾಲಲ್ಲಿ ಕೂರಬೇಕು, ಹಣ್ಣು ಬಿಡಿಸುವ ಹಾಗೆ ಬಗ್ಗಿ ಏಳಬೇಕು. ಹುಲ್ಡಾ ಹಿಂದೆ ನಿಂತು, ಕಣ್ಣು ಕಿರಿದು ಮಾಡಿಕೊಂಡು, ಹೊಲಿಗೆ ಎಲ್ಲಿ ಎಳೆಯುತ್ತದೆ ಎಂದು ನೋಡುತ್ತಿದ್ದಳು. ಅಂಚೆಯ ಹೋಲ್ಗರ್ ಒಮ್ಮೆ ಸಿಡುಕಿದ್ದ.

"ನಾನೇನ್ ಡ್ಯಾನ್ಸ್ ಮಾಡಕ್ಕೆ ಬಂದಿದೀನಾ ಇಲ್ಲಿ?"

"ಕಾಡಲ್ಲಿ ಕೂತಾಗ ಪರ್ ಅಂತ ಹರೀತಲ್ಲ, ಆವಾಗ ತಾನಾಗೇ ಡ್ಯಾನ್ಸ್ ಬರುತ್ತೆ. ಈಗ್ಲೇ ಕಲ್ತ್ಕೋ. ಕೂತ್ಕೋ, ಇನ್ನೊಂದ್ಸಲ."

ಎಲ್ಲ ಮುಗಿದ ಮೇಲೆ ಪ್ಯಾಂಟು ಮೈಗೆ ಸರಿಯಾಗಿ ಹೊಂದಿದ್ದರೆ ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ಕೂತಿದೆ." ಅದನ್ನು ಕೇಳುವ ತನಕ ಯಾರೂ ಕಿಸೆಗೆ ಕೈ ಹಾಕುತ್ತಿರಲಿಲ್ಲ.

ಊರಿಗೆಲ್ಲ ಪ್ಯಾಂಟು ಆರಿಸಿಕೊಟ್ಟ ಈ ಹೆಂಗಸು ತನಗೆ ಮಾತ್ರ ಆ ಮಾತನ್ನು ಒಮ್ಮೆಯೂ ಹೇಳಿಕೊಂಡಿರಲಿಲ್ಲ. ಹದಿಹರೆಯದಲ್ಲಿ ಅವಳು ಗುದ್ದಲಿ ಹಿಡಿದು, ಬೆನ್ನಿಗೆ ಸಸಿಬುಟ್ಟಿ ಕಟ್ಟಿಕೊಂಡು ಕಾಡಿಗೆ ಇಳಿದಾಗ ಹೆಂಗಸರಿಗೆಂದು ಹೊಲಿದ ಕೆಲಸದ ಪ್ಯಾಂಟೇ ಇರಲಿಲ್ಲ. ಗಂಡಸರದ್ದು ಸೊಂಟಕ್ಕೆ ಸರಿಯಾದರೆ ಕೆಳಗೆ ಬಿಗಿ, ಕೆಳಗೆ ಸರಿಯಾದರೆ ಸೊಂಟದಲ್ಲಿ ಒಂದು ಬೆಕ್ಕು ಮಲಗುವಷ್ಟು ಜಾಗ. ಹಗ್ಗ ಬಿಗಿದು, ಕಾಲು ಮಡಚಿ, ತೊಡೆಸಂದಿಗೆ ತುಂಡು ಬಟ್ಟೆ ಸೇರಿಸಿ ಹೇಗೋ ನಿಭಾಯಿಸಿದಳು. ಮುಂದೆ ಹೆಂಗಸರ ಪ್ಯಾಂಟುಗಳೂ ಬಂದವು. ಹುಲ್ಡಾ ಒಂದರ ಜೇಬಿಗೆ ಕೈ ಹಾಕಿ ನೋಡಿದಳು, ಎರಡು ಬೆರಳು ಒಳಗೆ ಹೋದವು, ಅಷ್ಟೇ. "ಇದ್ರಲ್ಲಿ ಏನಿಟ್ಕೊಳ್ಳೋದು, ಮಾನಾನಾ?" ಎಂದು ಕೇಳಿ ಎದ್ವಿನನ ಮೇಜಿನ ಮೇಲೆ ಎಸೆದು ಬಂದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವಂಥ ಬಟ್ಟೆಗಳು ಅವು, ಗುಂಡಿಗಳು ಮಾತ್ರ ಬಣ್ಣಬಣ್ಣ.

ಅವಳ ಗಂಡ ರೂನೆಯ ಬೇಟೆಯ ಪ್ಯಾಂಟಿನ ಕಥೆಯೇ ಬೇರೆ. ಅದು ಅಂಗಡಿಯದ್ದಲ್ಲ, ಅದನ್ನು ಅತ್ತೆ ಮತ್ತು ಸೊಸೆ ಸೇರಿ ತುಳಿದು ಮಾಡಿದ್ದರು. ಮದುವೆಯಾದ ವರ್ಷ ಅತ್ತೆ ಬ್ರೀಟಾ ತಾನೇ ನೂತು ನೇಯ್ದ ಬೂದು ಉಣ್ಣೆ ಬಟ್ಟೆಯನ್ನು ಬಿಸಿ ಸಾಬೂನು ನೀರಿನ ತೊಟ್ಟಿಗೆ ಹಾಕಿ, ಎದುರಿನ ಬೆಂಚಿನಲ್ಲಿ ಹುಲ್ಡಾಳನ್ನು ಕೂರಿಸಿದಳು. ಇಬ್ಬರೂ ಲಂಗ ಮೇಲೆತ್ತಿ ಕಟ್ಟಿ, ಬರಿಗಾಲಲ್ಲಿ ಬಟ್ಟೆಯನ್ನು ತುಳಿದರು. ತುಳಿದಷ್ಟೂ ಬಟ್ಟೆ ಕುಗ್ಗಿ ದಪ್ಪವಾಗುತ್ತದೆ, ಗಾಳಿ ತೂರುವುದಿಲ್ಲ, ಮಳೆ ಬೇಗ ಇಳಿಯುವುದಿಲ್ಲ, ಕೊಂಬೆ ತಾಗಿದರೂ ಸದ್ದು ಬರುವುದಿಲ್ಲ. ಹೊಸ ಸೊಸೆ ನಾಚಿಕೊಂಡು ಮೆಲ್ಲಗೆ ತುಳಿಯುತ್ತಿದ್ದಳು.

"ಇರುವೆ ಕೊಲ್ತಿದೀಯೇನೇ? ತುಳಿ! ನನ್ ಮುಖ ಅಂದ್ಕೊಂಡು ತುಳಿ."

"ಅಯ್ಯೋ ಅತ್ತೆ!"

"ಇವತ್ತಲ್ಲ ನಾಳೆ ಅನಿಸ್ತದೆ ನಿಂಗೆ. ಇವತ್ತೇ ತುಳಿದ್ಬಿಡು, ಮನೇಲಿ ನೆಮ್ಮದಿ ಇರುತ್ತೆ."

ಹುಲ್ಡಾ ನಕ್ಕು ನಕ್ಕು ಬೆಂಚಿನಿಂದ ಬೀಳುವಂತಾದಳು. ಅಂದಿನಿಂದ ಆ ಅತ್ತೆಯನ್ನು ಕಂಡರೆ ಅವಳಿಗೆ ಪ್ರೀತಿ. ಬಟ್ಟೆ ಹದಕ್ಕೆ ಬರುವ ಮೊದಲೇ ಬ್ರೀಟಾ ಕಾಲು ಹೊರಗೆ ತೆಗೆದಳು. "ಸಾಕು. ಇನ್ನೂ ತುಳಿದ್ರೆ ನನ್ ಮಗನ ತೊಡೆ ಹಿಡಿಸಲ್ಲ. ಇದಕ್ಕಿನ್ನೂ ಕುಗ್ಗೋ ಹಸಿವಿದೆ, ನೆನಪಿಟ್ಕೋ. ಯಾವತ್ತೂ ಬಿಸಿನೀರು ತೋರಿಸ್ಬೇಡ."

ಹುಲ್ಡಾ ತೋರಿಸಲಿಲ್ಲ. ಮಣ್ಣಾದರೆ ಹಿಮದ ಮೇಲೆ ಹಾಕಿ ಬಡಿದಳು, ನೆತ್ತರಾದರೆ ಹೊಳೆಯ ತಣ್ಣೀರಲ್ಲಿ ಅದ್ದಿದಳು. ಬೇಟೆಗೆ ಮೊದಲು ಮೀನು ಒಣಗಿಸುವ ಗುಡಿಸಲಿನಲ್ಲಿ ಹೊಗೆಗೆ ನೇತುಹಾಕಿದಳು, ಮೂಸಿನ ಮೂಗಿಗೆ ಮನುಷ್ಯನ ವಾಸನೆ ಸಿಗಬಾರದೆಂದು. ಮಂಡಿ ಸವೆದಾಗ ತೇಪೆ, ತೇಪೆ ಸವೆದಾಗ ಚರ್ಮ. ಬಾಗಿಲು ತುಂಬುವ ಆಳು ರೂನೆ ಅದನ್ನು ತೊಟ್ಟು ನಡೆದರೆ ದಪ್ಪ ತೊಡೆಗಳು ಒಂದಕ್ಕೊಂದು ತಾಗಿ ಹುಸ್, ಹುಸ್ ಎಂದು ಸಣ್ಣ ಉಸಿರಿನಂಥ ಸದ್ದು. ಅಡಿಗೆಮನೆಯಲ್ಲಿ ಕಾಫಿ ಕಾಯಿಸುತ್ತಾ ಹುಲ್ಡಾ ಆ ಸದ್ದಿನಿಂದಲೇ ಅವನು ಅಂಗಳಕ್ಕೆ ಬಂದನೆಂದು ತಿಳಿಯುತ್ತಿದ್ದಳು.

ಊರಿನ ಬೇಟೆಯ ತಂಡಕ್ಕೆ ಯೆಸ್ಟಾ ಮುಖಂಡ. ಅವನು ಒಂದು ಪದ್ಧತಿ ತಂದಿದ್ದ, ಅದಕ್ಕೆ ಕಾರಣ ಅಂಚೆಯ ಹೋಲ್ಗರ್. ಆ ಮಹಾರಾಯ ಒಂದು ವರ್ಷ ಹುಲ್ಡಾಳನ್ನು ಕೇಳದೆ ಪಟ್ಟಣದಿಂದ ಮಿರಮಿರ ಮಿನುಗುವ ಹೊಸ ನಮೂನೆಯ ಪ್ಯಾಂಟು ತಂದ. ಮೂಸ್ ಅವನ ಮುಂದೆಯೇ ಬಂದು ನಿಂತಿತು. ಇವನು ಬಂದೂಕು ಎತ್ತಲು ಮಂಡಿ ಸರಿಸಿದ, ಪ್ಯಾಂಟು ಚಿಪ್ಸ್ ಪೊಟ್ಟಣದ ಹಾಗೆ ಪರಪರ ಎಂದಿತು, ಪ್ರಾಣಿ ಮಾಯ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಂದಿನಿಂದ ಬೇಟೆಯ ಮೊದಲ ಬೆಳಿಗ್ಗೆ ಯೆಸ್ಟಾ ತನ್ನ ಕೊಟ್ಟಿಗೆಯ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದ, ಎಲ್ಲರೂ ಒಬ್ಬೊಬ್ಬರಾಗಿ ಅವನ ಬೆನ್ನ ಹಿಂದೆ ನಡೆದು ಹೋಗಬೇಕು. ಸದ್ದು ಮಾಡಿದವರು ಪ್ಯಾಂಟು ಬದಲಿಸಿ ಬರಬೇಕು. ವರ್ಷಗಳು ಕಳೆದ ಹಾಗೆ ಅವನ ಕಿವಿ ಎಷ್ಟು ಪಳಗಿತೆಂದರೆ ನಡೆದವರು ಯಾರೆಂದು ಪ್ಯಾಂಟಿನಿಂದಲೇ ಹೇಳುತ್ತಿದ್ದ. ರೂನೆ ದಾಟಿದಾಗ "ರೂನೆ ಹೋದ" ಎಂದು ನಗುತ್ತಿದ್ದ. ಉಣ್ಣೆಯ ಸದ್ದಿಗೆ ಮೂಸ್ ಹೆದರುವುದಿಲ್ಲ, ಬಿಡು ಎನ್ನುತ್ತಿದ್ದ.

ಒಂದು ಚಳಿಗಾಲದಲ್ಲಿ ರೂನೆ ನಿಜವಾಗಿಯೂ ಹೋದ. ಎದೆ ಹಿಡಿದುಕೊಂಡು ಸೌದೆಯ ರಾಶಿಯ ಪಕ್ಕ ಕೂತವನು ಏಳಲಿಲ್ಲ.

ಮುಂದಿನ ಸೆಪ್ಟೆಂಬರಿನಲ್ಲಿ ಹುಲ್ಡಾ ಅವನ ಪ್ಯಾಂಟನ್ನೇ ತೊಟ್ಟಳು. ಬೆಲ್ಟು ಬಿಗಿದು, ಕಾಲನ್ನು ಮೂರು ಮಡಿಕೆ ಮಾಡಿ, ಅವನ ಬಂದೂಕು ಹಿಡಿದು ಕೊಟ್ಟಿಗೆಗೆ ಬಂದಳು. ಪ್ಯಾಂಟಿನ ಅಗಲವಾದ ಕಾಲುಗಳು ಒಂದಕ್ಕೊಂದು ತಾಗಿ ಅದೇ ಹುಸ್, ಹುಸ್. ಕಣ್ಣು ಮುಚ್ಚಿ ನಿಂತಿದ್ದ ಯೆಸ್ಟಾ ಬೆಚ್ಚಿದ. ಆಮೇಲೆ ಅವನು ಮೆಲ್ಲಗೆ, "ರೂನೆ ಹೋದ" ಎಂದ.

ಆ ಮಾತಿಗಾಗಿ ಹುಲ್ಡಾ ವರ್ಷವಿಡೀ ಕಾಯುತ್ತಿದ್ದಳು. ಬೇಟೆ, ಮಾಂಸ ಎಲ್ಲ ನೆಪ. ವರ್ಷಕ್ಕೊಮ್ಮೆ ಎಲ್ಲರ ಮುಂದೆ ಒಬ್ಬ ಮನುಷ್ಯ ಅವಳ ಗಂಡ ಈಗ ತಾನೇ ನಡೆದು ಹೋದನೆಂದು ಹೇಳುತ್ತಿದ್ದ, ಅಷ್ಟು ಸಾಕಿತ್ತು ಅವಳಿಗೆ. ರೂನೆ ಕೂರುತ್ತಿದ್ದ ಮರದ ಬೊಡ್ಡೆಯ ಮೇಲೆ ಕೂತು ಅವನಿಗೆ ಊರ ಸುದ್ದಿ ಹೇಳಿ, ಫ್ಲಾಸ್ಕಿನ ಕಾಫಿ ಕುಡಿದು ಬರುತ್ತಿದ್ದಳು. ಮೂಸ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಹೀಗೇ ಕೆಲವು ವರ್ಷ ನಡೆಯಿತು. ಹುಲ್ಡಾಳಿಗೆ ಎಪ್ಪತ್ತು ದಾಟಿತು. ಆ ಸಲ ಬೇಟೆಗೆ ಎರಡು ದಿನ ಮುಂಚೆ ಮಗ, ಸೊಸೆ ಪಟ್ಟಣದಿಂದ ಬಂದರು. ಮಗ ಮಾಡು ರಿಪೇರಿಗೆ ಏಣಿ ಹತ್ತಿದ. ಹುಲ್ಡಾ ಲಿಂಗೊನ್ ಹಣ್ಣಿಗೆ ಕಾಡಿಗೆ ಹೋದಳು. ಸೊಸೆ ಅನ್ನೆಲಿ ಒಳ್ಳೆಯ ಹುಡುಗಿ, ಸುಮ್ಮನೆ ಕೂರಲು ಬಾರದವಳು. ಬಚ್ಚಲುಮನೆಯ ಗೂಟದಲ್ಲಿ ಹೊಗೆ, ಅಂಟು, ಹಳೆಯ ನೆತ್ತರು ಎಲ್ಲ ಸೇರಿ ನಾರುವ ಒಂದು ಪ್ಯಾಂಟು ಕಂಡಿತು ಅವಳಿಗೆ.

ಹುಲ್ಡಾ ಬಕೆಟ್ ತುಂಬ ಕೆಂಪು ಹಣ್ಣು ಹೊತ್ತು ಬಂದಾಗ ಪ್ಯಾಂಟು ಅಂಗಳದ ತಂತಿಯ ಮೇಲಿತ್ತು.

"ನೋಡಿ ಅತ್ತೆ, ಬಿಸಿ ಬಿಸಿ ನೀರಲ್ಲಿ ಮಿಷನ್‌ಗೆ ಹಾಕ್ದೆ. ಎರಡ್ ಸಲ! ಈಗ ಲ್ಯಾವೆಂಡರ್ ವಾಸ್ನೆ."

ಹುಲ್ಡಾ ಬಕೆಟ್ ಕೆಳಗಿಟ್ಟಳು. ತಂತಿಯ ಹತ್ತಿರ ಹೋಗಿ ಬಟ್ಟೆ ಮುಟ್ಟಿದಳು. ಕಂಬಳಿಯ ಹಾಗೆ ಗಟ್ಟಿಯಾಗಿತ್ತು, ಕುಗ್ಗಿತ್ತು. ರೂನೆಯ ತೊಡೆ ಇರಲಿ, ತೋಳೂ ಅದರಲ್ಲಿ ಹಿಡಿಯುವಂತಿರಲಿಲ್ಲ ಎನಿಸಿತು ಅವಳಿಗೆ. ಸೌದೆಮನೆಗೆ ಹೋಗಿ ಕೊಡಲಿ ಎತ್ತಿಕೊಂಡಳು. ಮುಂದಿನ ಚಳಿಗಾಲಕ್ಕಾಗುವಷ್ಟು ಸೌದೆ ಆಗಲೇ ಸೀಳಿಟ್ಟಿತ್ತು, ಆದರೂ ಸೀಳಿದಳು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಅನ್ನೆಲಿಗೆ ಅಂದು ಯಾವ ಕಾಲವೂ ಇರಲಿಲ್ಲ. ಗಂಡನಿಂದ ವಿಷಯ ತಿಳಿದು ಅಳುತ್ತಾ ಸೌದೆಮನೆಯ ಬಾಗಿಲಿಗೆ ಬಂದಳು.

"ಬೈದ್ಬಿಡಿ ಅತ್ತೆ. ಹಿಂಗೆ ಸುಮ್ನಿದ್ರೆ ನಂಗೆ ಭಯ ಆಗುತ್ತೆ."

"ಬೈದ್ರೆ ಪ್ಯಾಂಟು ಉದ್ದ ಆಗುತ್ತೇನೇ?" ಹುಲ್ಡಾ ಕೊಡಲಿ ಕೆಳಗಿಟ್ಟಳು. "ಹೋಗ್ಲಿ ಬಿಡು. ನಿಂಗೊತ್ತಿರ್ಲಿಲ್ಲ. ಈ ಸಲ ನಾನು ಬೇಟೆಗೆ ಹೋಗಲ್ಲ, ಅಷ್ಟೇ."

"ಬೇರೆ ಪ್ಯಾಂಟು ಹಾಕ್ಕೊಂಡು ಹೋಗ್ಬೋದಲ್ವಾ?"

"ಬೇರೇದು ಹಾಕ್ಕೊಂಡ್ರೆ ನಿಮ್ ಮಾವ ಬರಲ್ಲಮ್ಮ," ಎಂದಳು ಹುಲ್ಡಾ. ಅಷ್ಟು ವರ್ಷದಲ್ಲಿ ಯಾರ ಮುಂದೆಯೂ ಹೇಳದ ಮಾತು ಬಾಯಿಂದ ಬಂದು, ಅವಳಿಗೂ ಅಳು ಬಂತು. ಅತ್ತೆ ಸೊಸೆ ಇಬ್ಬರೂ ಸೌದೆಯ ಮೇಲೆ ಕೂತು ಅತ್ತರು. ಮಗ ಮಾಡಿನ ಮೇಲಿಂದ ಬಗ್ಗಿ ನೋಡಿ, ಇಳಿಯದಿರುವುದೇ ಕ್ಷೇಮವೆಂದು ಹೆಂಚು ಜೋಡಿಸತೊಡಗಿದ.

ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ. ಮರುದಿನ ಪ್ಯಾಂಟು ಒಣಗಿತು, ಪೆಟ್ಟಿಗೆಯಲ್ಲಿ ಎತ್ತಿಡೋಣವೆಂದು ಹುಲ್ಡಾ ಅದನ್ನು ತಂತಿಯಿಂದ ತೆಗೆದಳು. ಮಡಚಲು ಎಂದಿನಂತೆ ಸೊಂಟದ ಪಟ್ಟಿಯನ್ನು ತನ್ನ ಸೊಂಟಕ್ಕೆ ಒತ್ತಿ ಹಿಡಿದಳು. ಹಾಗೆ ಹಿಡಿದಾಗಲೆಲ್ಲ ಕಾಲುಗಳು ನೆಲಕ್ಕೆ ಬಿದ್ದು ರಾಶಿಯಾಗುತ್ತಿದ್ದವು. ಇಂದು ಆಗಲಿಲ್ಲ. ಅಂಚು ಅವಳ ಪಾದದ ಗೆಣ್ಣಿಗೆ ಬಂದು ನಿಂತಿತ್ತು.

ಹುಲ್ಡಾ ಅತ್ತ ಇತ್ತ ನೋಡಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ತೊಟ್ಟಳು. ಬೆಲ್ಟು ಬೇಕಾಗಲಿಲ್ಲ. ಕುಕ್ಕರುಗಾಲಲ್ಲಿ ಕೂತಳು, ಎದ್ದಳು, ಸ್ಟೂಲು ದಾಟಿದಳು. ಎಲ್ಲೂ ಎಳೆಯಲಿಲ್ಲ, ಎಲ್ಲೂ ಜೋಲಲಿಲ್ಲ. ಜೇಬಿನಲ್ಲಿ ಮಣಿಕಟ್ಟಿನ ತನಕ ಕೈ ಹೋಯಿತು. ಎಷ್ಟೋ ವರ್ಷದ ಹಿಂದೆ ಅತ್ತೆ ಬ್ರೀಟಾ ಅರ್ಧಕ್ಕೆ ನಿಲ್ಲಿಸಿದ ಕೆಲಸ ಈಗ ಮುಗಿದಿತ್ತು. ಹುಲ್ಡಾಳಿಗೆ ಸಂತೋಷವಾಯಿತು, ಸಂತೋಷವಾದದ್ದಕ್ಕೆ ಸಂಕಟವೂ ಆಯಿತು. ಪ್ಯಾಂಟು ತನ್ನದಾದರೆ ರೂನೆಯದಲ್ಲ. ನಾಲ್ಕು ಹೆಜ್ಜೆ ನಡೆದು ಕಿವಿಗೊಟ್ಟಳು. ಸದ್ದಿಲ್ಲ. ಆದರೂ ಅದನ್ನು ಒಯ್ದು ಹೊಗೆಯ ಗುಡಿಸಲಿನಲ್ಲಿ ನೇತುಹಾಕಿದಳು, ಲ್ಯಾವೆಂಡರ್ ಹೋಗಲೆಂದು.

ಬೇಟೆಯ ಬೆಳಿಗ್ಗೆ ಕೊಟ್ಟಿಗೆಯ ಮುಂದೆ ಮಂಜು, ಕಾಫಿ, ನಾಯಿಗಳ ಕುಂಯ್‌ಗುಟ್ಟುವಿಕೆ. ಯೆಸ್ಟಾ ಎಂದಿನಂತೆ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತ. ಹೋಲ್ಗರ್ ದಾಟಿದ. "ಹೋಲ್ಗರ್. ಕಿಸೇಲಿ ಬೀಗದ ಕೈ ಇಟ್ಟಿದೀಯ, ತೆಗಿಯಯ್ಯ." ಎಲ್ಲರೂ ನಕ್ಕರು. ಒಬ್ಬೊಬ್ಬರಾಗಿ ಉಳಿದವರು ದಾಟಿದರು. ಕೊನೆಗೆ ಹುಲ್ಡಾ. ಮನೆಗೆ ಹಿಂದಿರುಗಿ ಹೋಗಿಬಿಡೋಣವೇ ಎನಿಸಿತು ಅವಳಿಗೆ. ಹೋಗಲಿಲ್ಲ. ಯೆಸ್ಟಾನ ಬೆನ್ನ ಹಿಂದೆ ನಡೆದು, ಆಚೆ ಹೋಗಿ ನಿಂತಳು.

ಯೆಸ್ಟಾ ಕಾದ. ತಲೆ ಓರೆ ಮಾಡಿ ಇನ್ನಷ್ಟು ಕಾದ.

"ಹುಲ್ಡಾ ಬರಲ್ವಂತಾ?"

ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ದಾಟಿ ಆಯ್ತು," ಎಂದಳು ಅವಳು. "ನಾನೇ ಹೋಗಿದ್ದು. ಹುಲ್ಡಾ."

ಯೆಸ್ಟಾ ಕಣ್ಣು ಬಿಟ್ಟ. ಅವಳನ್ನು, ಪ್ಯಾಂಟನ್ನು ಮೇಲಿಂದ ಕೆಳಗೆ ನೋಡಿದ. ಅವನ ಮುಖ ಒಂದು ಗಳಿಗೆ ಕಳೆಗುಂದಿತು, ಅವನೂ ಗೆಳೆಯನ ಆ ಸದ್ದಿಗೆ ಕಾದಿದ್ದನೆಂದು ಹುಲ್ಡಾಳಿಗೆ ಆಗ ತಿಳಿಯಿತು. ಆಮೇಲೆ ಟೋಪಿ ಸರಿಮಾಡಿಕೊಂಡು, "ಈ ತಂಡದಲ್ಲಿ ಇಷ್ಟು ಸದ್ದಿಲ್ದೆ ಯಾರೂ ನಡೆದಿಲ್ಲ ಕಣೇ," ಎಂದ. "ಹೋಗು. ಹುಲ್ಡಾ ಹೋದ್ಲು ಅಂತ ಎಲ್ರೂ ಕೇಳಿಸ್ಕೊಳ್ರಪ್ಪ."

ಅವಳು ಕಾಡಿಗೆ ನಡೆದಳು. ರೂನೆಯ ಬೊಡ್ಡೆ ಇಬ್ಬನಿಯಿಂದ ಒದ್ದೆಯಾಗಿತ್ತು. ಅದರ ಮೇಲೆ ಕೂತಳು, ತೇವ ಒಳಗೆ ಇಳಿಯಲಿಲ್ಲ. ಬಂದೂಕನ್ನು ತೊಡೆಯ ಮೇಲಿಟ್ಟು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು, ಊರ ಸುದ್ದಿಯಲ್ಲಿ ಮೊದಲನೆಯದನ್ನು ಹೇಳಿದಳು.

"ಕೂತಿದೆ ಕಣೋ, ರೂನೆ."