ಅಕ್ಕ ನಡೆದು ಬಂದ ಪರದೆ

ಅಕ್ಕ ಹೋಗಿ ಮೂರು ವರ್ಷವಾದ ಮೇಲೆ ಅವಳ ಮಗಳು ಒಂದು ದಿನ ನಮ್ಮ ಅಡುಗೆಮನೆಗೆ ಬಂದು, "ಚಿಕ್ಕಮ್ಮ, ಅಮ್ಮನ ಜೊತೆ ಇನ್ನೊಂದ್ಸಲ ನುಡಿಸ್ತೀಯಾ?" ಎಂದು ಕೇಳಿದಳು. ನಾನು ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದೆ. ಇವಳಿಗೆ ಕೆಲಸ ಹೆಚ್ಚಾಗಿ ತಲೆ ಕೆಟ್ಟಿರಬೇಕು ಎಂದುಕೊಂಡೆ.

"ಸತ್ತವರ ಜೊತೆ ಕಚೇರಿ ಮಾಡೋದು ಯಾವ ಊರಿನ ಪದ್ಧತಿನೇ?" ಎಂದೆ.

"ಗ್ರೀಸು," ಎಂದಳು ನಗದೆ.

ಅಕ್ಕ ಹಾಡುತ್ತಿದ್ದಳು, ನಾನು ಪಿಟೀಲು ನುಡಿಸುತ್ತಿದ್ದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ, ಚಾಮರಾಜಪೇಟೆಯ ರಾಮನವಮಿ ಪೆಂಡಾಲಿನಿಂದ ಹಿಡಿದು ಮಲ್ಲೇಶ್ವರದ ಪುಟ್ಟ ಪುಟ್ಟ ಸಭೆಗಳವರೆಗೆ, ಅವಳು ಎಲ್ಲಿ ಕೂತರೂ ಪಕ್ಕದಲ್ಲಿ ನಾನು. ಪತ್ರಿಕೆಯಲ್ಲಿ ವಿಮರ್ಶೆ ಬಂದರೆ ಅಕ್ಕನ ಮೇಲೆ ನಾಲ್ಕು ಪ್ಯಾರಾ ಇರುತ್ತಿತ್ತು. ನನ್ನದು ಕೊನೆಯಲ್ಲಿ ಒಂದೇ ಸಾಲು, "ಪಿಟೀಲಿನಲ್ಲಿ ಸಹಕರಿಸಿದರು" ಎಂದು. ಸಹಕಾರ ಸಂಘ ನಡೆಸುತ್ತಿದ್ದೇನೇನೋ ಅನ್ನುವ ಹಾಗೆ! ಹೊಟ್ಟೆ ಉರಿಯುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಬೇರೆ ಯಾರಿಗಾದರೂ ನುಡಿಸಬೇಕು ಎಂದು ಒಂದು ದಿನವೂ ಅನ್ನಿಸಲಿಲ್ಲ.

ಪಕ್ಕವಾದ್ಯದವರ ಕಣ್ಣು ಹಾಡುವವರ ಮುಖದ ಮೇಲಿರಬೇಕು. ನಮಗೆ ಮೊದಲ ದಿನವೇ ಕಲಿಸುವ ಪಾಠ ಅದು. ಅಕ್ಕನ ವಿಷಯದಲ್ಲಂತೂ ಅದು ತೀರ ಅಗತ್ಯವಾಗಿತ್ತು. ಆಲಾಪನೆಯಲ್ಲಿ ಮೇಲಿನ ಷಡ್ಜ ಮುಟ್ಟಿದಳೆಂದರೆ ಅಲ್ಲೇ ನಿಂತುಬಿಡುತ್ತಿದ್ದಳು. ಇಳಿಯುತ್ತಾಳೋ, ಇನ್ನೂ ಮೇಲೆ ಹತ್ತುತ್ತಾಳೋ ದೇವರಿಗೇ ಗೊತ್ತಿರುತ್ತಿರಲಿಲ್ಲ. ಇಳಿಯುವ ಮುಂಚೆ ಅವಳ ಎಡ ಹುಬ್ಬು ಕೂದಲೆಳೆಯಷ್ಟು ಮೇಲೇರುತ್ತಿತ್ತು. ಸಭೆಗೆ ಕಾಣದ ಆ ಹುಬ್ಬು ನನಗೆ ಕಾಣುತ್ತಿತ್ತು. ನನ್ನ ಪಿಟೀಲಿನ ತಂತಿಗಳನ್ನು ಕೂಡ ನಾನು ಅಷ್ಟು ಸಲ ನೋಡಿಲ್ಲ.

ಅವಳು ಹೋದ ಮೇಲೆ ಮಕ್ಕಳಿಗೆ ಪಾಠ ಹೇಳುತ್ತಿದ್ದೆ, ಅವರ ಜೊತೆ ವರ್ಣ ನುಡಿಸುತ್ತಿದ್ದೆ. ಒಬ್ಬಳೇ ಕೂತು ಆಲಾಪನೆ ಮಾಡಲು ಮಾತ್ರ ಆಗುತ್ತಿರಲಿಲ್ಲ. ಕಮಾನು ತಂತಿಯ ಮೇಲೆ ಇಟ್ಟ ಕೂಡಲೇ ಕೈ ಕಾಯುತ್ತಿತ್ತು, ಯಾರಾದರೂ ಮೊದಲು ಹಾಡಲಿ ಎಂದು. ಯಾರೂ ಹಾಡುತ್ತಿರಲಿಲ್ಲ. ಕಮಾನು ಇಳಿಸಿ ಎದ್ದು ಬೇರೆ ಕೆಲಸ ನೋಡಿಕೊಳ್ಳುತ್ತಿದ್ದೆ.

ಅಕ್ಕನ ಮಗಳಿಗೆ ಸಿನಿಮಾದವರಿಗಾಗಿ ಕಂಪ್ಯೂಟರಿನಲ್ಲಿ ಬೆಂಕಿ, ಹೊಗೆ, ಪ್ರವಾಹ ಮಾಡಿಕೊಡುವ ಕೆಲಸ. ಈಗ ಸ್ನೇಹಿತರನ್ನು ಕಟ್ಟಿಕೊಂಡು ತನ್ನದೇ ಒಂದು ಪ್ರಯೋಗ ಮಾಡಹೊರಟಿದ್ದಳು. ಕಥೆ ಗ್ರೀಕರದು. ಒಬ್ಬ ಗಾಯಕನ ಹೆಂಡತಿ ಹಾವು ಕಚ್ಚಿ ಸಾಯುತ್ತಾಳೆ. ಇವನು ಪಾತಾಳಕ್ಕೆ ಇಳಿದು, ಹಾಡಿ, ಅಲ್ಲಿನ ದೊರೆಯ ಮನಸ್ಸು ಕರಗಿಸುತ್ತಾನೆ. ಕರೆದುಕೊಂಡು ಹೋಗು, ಅವಳು ನಿನ್ನ ಹಿಂದೆಯೇ ಬರುತ್ತಾಳೆ, ಬೆಳಕಿಗೆ ಬರುವ ತನಕ ತಿರುಗಿ ಮಾತ್ರ ನೋಡಬೇಡ ಎನ್ನುತ್ತಾನೆ ದೊರೆ. ಇವನು ನೋಡಿಬಿಡುತ್ತಾನೆ, ಅವಳು ಮತ್ತೆ ಪಾತಾಳಕ್ಕೇ ಹೋಗುತ್ತಾಳೆ.

"ನಮ್ಮ ಕಡೆ ಹೆಂಗಸು ಯಮನ ಬೆನ್ನು ಹತ್ತಿ ಗಂಡನ್ನ ವಾಪಸ್ ತಂದೇಬಿಟ್ಳು. ಗಂಡಸಿಗೆ ಒಂದು ಕೆಲಸ ಒಪ್ಪಿಸಿದ್ರೆ ನೋಡು," ಎಂದೆ.

ಅವಳ ಪ್ರಯೋಗದಲ್ಲಿ ಆ ಗಾಯಕ ನಾನು. ಹೆಂಡತಿಯ ಜಾಗದಲ್ಲಿ ಅಕ್ಕ. ವೇದಿಕೆಯ ಮೇಲೆ ಜನರ ಕಡೆ ಮುಖ ಮಾಡಿ ನಾನು ಕೂರಬೇಕು, ಬೆನ್ನ ಹಿಂದೆ ದೊಡ್ಡ ಪರದೆ. ಅಕ್ಕ ಮನೆಯಲ್ಲಿ ಅಭ್ಯಾಸ ಮಾಡುವಾಗ ಫೋನಿನಲ್ಲಿ ಹಿಡಿದಿಟ್ಟ ತೋಡಿ ರಾಗದ ಆಲಾಪನೆ ಸ್ಪೀಕರಿನಲ್ಲಿ ಬರುತ್ತದೆ, ನಾನು ಅದಕ್ಕೆ ನುಡಿಸುತ್ತೇನೆ. ಹಳೆಯ ವಿಡಿಯೋಗಳಿಂದ ಅಕ್ಕನ ನಡಿಗೆ, ಮೈಮಾಟ, ಮುಖ ಎಲ್ಲವನ್ನೂ ತೆಗೆದು ಹುಡುಗಿ ಬೆಳಕಿನ ಚುಕ್ಕಿಗಳಲ್ಲಿ ಅವಳನ್ನು ಮಾಡಿದ್ದಳು. ನನ್ನ ಪಿಟೀಲಿಗೆ ಸಿಕ್ಕಿಸಿದ ಮೈಕಿನಿಂದ ನಾದ ಹೋದರೆ ಅಕ್ಕ ಪರದೆಯ ಆಳದಿಂದ ಒಂದೊಂದೇ ಹೆಜ್ಜೆ ಮುಂದೆ ಬರುತ್ತಾಳೆ. ಪಿಟೀಲು ನಿಂತರೆ ಅವಳೂ ನಿಲ್ಲುತ್ತಾಳೆ. ಹಾಡು ಮುಗಿಯುವ ಹೊತ್ತಿಗೆ ತೀರ ಹತ್ತಿರ ಬಂದು, ಅದುವರೆಗೆ ಕತ್ತಲಲ್ಲಿದ್ದ ಮುಖ ಬೆಳಗುತ್ತದೆ, ಅದೂ ಪಿಟೀಲು ನುಡಿಯುವಷ್ಟು ಹೊತ್ತು ಮಾತ್ರ. ಆಗ ನಾನು ತಿರುಗಬೇಕು. ನನ್ನ ಎದುರು ಒಂದು ಚಿಕ್ಕ ಕ್ಯಾಮೆರಾ ಇರುತ್ತದೆ. ನನ್ನ ತಲೆ ಹಿಂದಕ್ಕೆ ತಿರುಗಿದ್ದು ಅದಕ್ಕೆ ಕಂಡ ಕೂಡಲೇ ಅಕ್ಕ ಚುಕ್ಕಿ ಚುಕ್ಕಿಯಾಗಿ ಉದುರಿಹೋಗುತ್ತಾಳೆ.

"ಅದಕ್ಕೆ ಕ್ಯಾಮೆರಾ ಯಾಕೆ? ನೀನೇ ಕೂತು ಒಂದು ಬಟನ್ ಒತ್ತು," ಎಂದೆ.

"ಬಟನ್ ಇದ್ರೆ ನಾನು ಒತ್ತಲ್ಲ ಚಿಕ್ಕಮ್ಮ," ಎಂದಳು.

ಅಕ್ಕನಿಗೆ ಎದೆನೋವು ಬಂದ ಬೆಳಿಗ್ಗೆ ಇವಳು ಮತ್ತಿಕೆರೆಯ ತನ್ನ ರೂಮಿನಲ್ಲಿದ್ದಳು. ನಾನು ಫೋನು ಮಾಡಿದ ತಕ್ಷಣ ಆಟೋ ಹತ್ತಿದಳು, ಮೆಜೆಸ್ಟಿಕ್ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಳು. ಬರುವಷ್ಟರಲ್ಲಿ ಎಲ್ಲ ಮುಗಿದು ಅರ್ಧ ಗಂಟೆಯಾಗಿತ್ತು. ಆ ಬಗ್ಗೆ ಅವಳು ಅದುವರೆಗೆ ಬಾಯಿ ಬಿಟ್ಟಿರಲಿಲ್ಲ. ಆದರೆ ಪ್ರಯೋಗಕ್ಕೆ ಬರೆದ ನಕ್ಷೆಯಲ್ಲಿ ತನ್ನ ಕಂಪ್ಯೂಟರನ್ನು ಸಭಾಂಗಣದ ಕೊನೆಯಲ್ಲಿ, ಪರದೆಗೆ ಸರಿಯಾಗಿ ಎದುರಿಗೆ ಇಟ್ಟುಕೊಂಡಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ, "ಅವತ್ತು ನಾನು ಅವಳ ಹತ್ರ ಬರಕ್ಕಾಗ್ಲಿಲ್ಲ. ಒಂದ್ಸಲ ಅವಳೇ ನನ್ನ ಹತ್ರ ಬರ್ಲಿ," ಎಂದಳು. ನಾನು ಒಪ್ಪಿಕೊಂಡಿದ್ದು ಆ ಮಾತಿಗೆ.

ಅಭ್ಯಾಸ ಮಲ್ಲೇಶ್ವರದ ಒಂದು ಹಳೆಯ ಹಾಲಿನಲ್ಲಿ, ಮಧ್ಯಾಹ್ನದ ಹೊತ್ತು. ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಡೆದು ಹಗಲನ್ನು ಹೊರಗಿಟ್ಟಿದ್ದರು. ಮೊದಲ ದಿನ ಸ್ಪೀಕರಿನಿಂದ ಅಕ್ಕನ ದನಿ ಬಂತು. ಬದುಕಿಡೀ ಪಕ್ಕದಿಂದ ಕೇಳಿದ ದನಿ ಈಗ ಬೆನ್ನ ಹಿಂದಿನಿಂದ ಬರುತ್ತಿತ್ತು. ಕ್ಯಾಮೆರಾ ಮೇಲೆ ಕಣ್ಣು ನೆಟ್ಟು ನುಡಿಸಿದೆ. ಸ್ವಲ್ಪ ಹೊತ್ತಿಗೆ ಇನ್ನೇನೋ ಕೇಳಿಸತೊಡಗಿತು. ಕಾಲುಂಗುರ ನೆಲಕ್ಕೆ ತಾಗುವ ಸದ್ದು, ಅಕ್ಕನ ಎಡಗಾಲಿನದು. ಆ ಕಾಲನ್ನು ಅವಳು ಸ್ವಲ್ಪ ಎಳೆದು ಹಾಕುತ್ತಿದ್ದಳು.

"ಹೆಜ್ಜೆ ಸದ್ದು ಜಾಸ್ತಿ ಆಯ್ತು ಕಣೇ, ಕಮ್ಮಿ ಮಾಡು," ಎಂದೆ ಮುಗಿದ ಮೇಲೆ.

"ಹೆಜ್ಜೆ ಸದ್ದೇ ಹಾಕಿಲ್ವಲ್ಲ ಚಿಕ್ಕಮ್ಮ," ಎಂದಳು.

ಆಮೇಲೆ ಆ ಸದ್ದು ಮನೆಗೂ ಬಂತು. ಚಾಮರಾಜಪೇಟೆಯ ನಮ್ಮ ಮನೆಯ ಪಡಸಾಲೆಯಿಂದ ಅಡುಗೆಮನೆಗೆ ಹೋಗುವಾಗ ಹಿಂದೆ ಯಾರೋ ಬರುತ್ತಿರುವಂತೆ ಅನ್ನಿಸುತ್ತಿತ್ತು. ನಾನು ತಿರುಗುತ್ತಿರಲಿಲ್ಲ. ಗವಿಪುರದಿಂದ ಪಾಠಕ್ಕೆ ಬರುವ ಒಂದು ಮಗುವಿನ ತಾಯಿ ಗೇಟಿನಲ್ಲಿ ಎರಡು ಸಲ ಕರೆದರೂ ತಿರುಗದೆ ಒಳಗೆ ಹೋಗಿ ಬೈಸಿಕೊಂಡೆ. ನನಗೆ ಭಯವಾಗುತ್ತಿತ್ತು. ಭಯಕ್ಕಿಂತ ಆಸೆ ದೊಡ್ಡದಿತ್ತು. ಆ ಮುಖ ಹೇಗೆ ಮಾಡಿದ್ದಾಳೆ ಎಂದು ಹುಡುಗಿ ನನಗೆ ತೋರಿಸಿರಲಿಲ್ಲ, ನಾನೂ ಕೇಳಿರಲಿಲ್ಲ; ಅಭ್ಯಾಸದಲ್ಲಿ ಮುಖ ಬೆಳಗುವ ಮುಂಚೆಯೇ ನಿಲ್ಲಿಸುತ್ತಿದ್ದೆವು. ಕೊನೆಯ ಕ್ಷಣದಲ್ಲಿ ತಿರುಗಿದಾಗ, ಉದುರುವ ಮುಂಚೆ, ಒಂದು ಚಣವಾದರೂ ಕಂಡೀತು ಎಂದು ಕಾಯುತ್ತಿದ್ದೆ.

ಪ್ರಯೋಗ ಬಸವನಗುಡಿಯ ಒಂದು ಸಭಾಂಗಣದಲ್ಲಿ. ಒಂದೇ ಒಂದು ಸಂಜೆ. ನಮ್ಮ ಹಳೆಯ ರಸಿಕರು ಶಾಲು ಹೊದ್ದು ಮುಂದಿನ ಸಾಲುಗಳಲ್ಲಿ ಕೂತಿದ್ದರು, ಹಿಂದೆ ಹುಡುಗಿಯ ಸ್ನೇಹಿತರು. ದೀಪ ಆರಿತು. ಅಕ್ಕ ಶುರು ಮಾಡಿದಳು. ನಾನು ಸೇರಿಕೊಂಡೆ. ಎದುರಿಗಿದ್ದವರ ಮುಖದ ಮೇಲೆ ಬೆಳಕು ನಿಧಾನವಾಗಿ ಏರುತ್ತಿದ್ದುದು ಕಾಣುತ್ತಿತ್ತು. ಅಕ್ಕ ಬರುತ್ತಿದ್ದಾಳೆ ಎಂದು ನನಗೆ ಅದರಿಂದಲೇ ತಿಳಿಯುತ್ತಿತ್ತು.

ಒಂದು ವಿಷಯ ನನಗೆ ಗೊತ್ತಿರಲಿಲ್ಲ. ಅಕ್ಕನ ಹಳೆಯ ಫೋನಿನಲ್ಲಿ ಅದೇ ತೋಡಿಯ ಇನ್ನೊಂದು ರೆಕಾರ್ಡಿಂಗು ಹುಡುಗಿಗೆ ಆ ದಿನ ಬೆಳಿಗ್ಗೆ ಸಿಕ್ಕಿತ್ತು. ಹೆಚ್ಚು ಉದ್ದದ್ದು, ದನಿಯೂ ಚೆನ್ನಾಗಿದ್ದದ್ದು. ನನಗೆ ಖುಷಿಯಾಗಲಿ ಎಂದು ಹೇಳದೆ ಅದನ್ನೇ ಹಾಕಿದ್ದಳು. ಶುರುವಿನ ಸ್ವರಸಂಚಾರಗಳು ಎರಡರಲ್ಲೂ ಒಂದೇ ಥರ ಇದ್ದವು, ನನಗೆ ವ್ಯತ್ಯಾಸ ತಿಳಿಯಲಿಲ್ಲ. ಅಕ್ಕ ಮೇಲಿನ ಷಡ್ಜ ಮುಟ್ಟಿದಳು. ಅಭ್ಯಾಸದಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದ್ದ ಜಾಗ ಅದು, ಅಲ್ಲಿ ಅವಳು ಒಂದು ಉಸಿರು ನಿಂತು ಇಳಿಯಬೇಕು. ಇಳಿಯಲಿಲ್ಲ. ನಿಂತಳು. ನಿಂತೇ ಇದ್ದಳು. ಎಲ್ಲಿಗೆ ಹೋಗುತ್ತಾಳೋ ನನಗೆ ಗೊತ್ತಾಗಲಿಲ್ಲ.

ಕತ್ತು ತಾನಾಗಿ ತಿರುಗಿತು. ಕಥೆ, ಕ್ಯಾಮೆರಾ, ಪರದೆ ಯಾವುದೂ ಆಗ ತಲೆಯಲ್ಲಿರಲಿಲ್ಲ. ಅಕ್ಕ ಇಳಿಯುತ್ತಾಳೋ ಇಲ್ಲವೋ ತಿಳಿಯಬೇಕಿತ್ತು, ಅವಳ ಹುಬ್ಬು ನೋಡಬೇಕಿತ್ತು. ಅಷ್ಟೇ.

ಹುಬ್ಬು ಇರಲಿಲ್ಲ. ಮುಖ ಇನ್ನೂ ಕತ್ತಲಲ್ಲೇ ಇತ್ತು. ನಾನು ನೋಡುತ್ತಿದ್ದಂತೆ ಭುಜ ಉದುರಿತು, ಸೆರಗು ಉದುರಿತು, ಬಿಳಿ ಚುಕ್ಕಿಗಳು ಹಿಟ್ಟು ಜರಡಿ ಹಿಡಿದ ಹಾಗೆ ಕೆಳಗೆ ಸುರಿದವು. ದನಿ ಮಾತ್ರ ನಿಲ್ಲಲಿಲ್ಲ. ಖಾಲಿ ಪರದೆಯಿಂದ ಅಕ್ಕ ತನ್ನ ಪಾಡಿಗೆ ತಾನು ಇಳಿದು, ಆಲಾಪನೆ ಮುಗಿಸಿದಳು. ನನ್ನ ಕೈ ಮೇಲೇಳಲಿಲ್ಲ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಥೆಯೇ ಹಾಗಲ್ಲವೇ, ಆ ಗಾಯಕನೂ ಮುಂಚೆಯೇ ತಿರುಗಿದನಲ್ಲವೇ! ಹಿರಿಯರೊಬ್ಬರು ವೇದಿಕೆಗೇ ಬಂದು, "ಕೊನೇಲಿ ಪಿಟೀಲು ನಿಲ್ಲಿಸಿಬಿಟ್ರಲ್ಲಮ್ಮ, ಎಂಥಾ ಯೋಚನೆ ಅದು!" ಎಂದು ಕೈಮುಗಿದರು. ಅವರ ಶಾಲು ಎಳೆದು ಹರಿಯುವಷ್ಟು ಸಿಟ್ಟು ಬಂತು.

ಹುಡುಗಿ ಕಂಪ್ಯೂಟರಿನ ಮುಂದೆ ಕೂತೇ ಇದ್ದಳು. ನಾನು ಹತ್ತಿರ ಹೋದಾಗ ತಲೆಯೆತ್ತಿ, "ಇನ್ನು ನಲವತ್ತು ಸೆಕೆಂಡ್ ಇತ್ತು ಚಿಕ್ಕಮ್ಮ," ಎಂದಳು.

ತಪ್ಪಾಯಿತು ಅನ್ನಬೇಕಿತ್ತು. "ಯಾರನ್ನ ಕೇಳಿ ಹಾಡು ಬದಲಾಯಿಸ್ದೆ?" ಎಂದು ಎಲ್ಲರ ಎದುರು ಕೂಗಾಡಿದೆ. ನನ್ನ ಬಾಯಿಯೇ ಅಂಥದ್ದು. ಅವಳು ವೈರುಗಳನ್ನು ಸುತ್ತಿ ಬ್ಯಾಗಿಗೆ ಹಾಕಿಕೊಂಡು ಹೊರಟುಹೋದಳು. ಎರಡು ವಾರ ಫೋನು ಇಲ್ಲ. ಆ ಎರಡು ವಾರ ಮನೆಯಲ್ಲಿ ಕಾಲುಂಗುರದ ಸದ್ದೂ ಇರಲಿಲ್ಲ. ನಾನು ಪಡಸಾಲೆಯಲ್ಲಿ ನಿಂತು ಬೇಕೆಂದೇ ಹಿಂದೆ ತಿರುಗಿ ತಿರುಗಿ ನೋಡಿದೆ. ಗೋಡೆ, ಕ್ಯಾಲೆಂಡರು, ಸ್ಟೂಲು ಕಂಡವು. ಮಗಳ ಹತ್ತಿರ ಹೋಗುತ್ತಿದ್ದವಳನ್ನು ನಾನೇ ದಾರಿಯಲ್ಲಿ ತಡೆದೆ ಎಂದು ಅನ್ನಿಸಿ, ಊಟ ಸೇರದಾಯಿತು.

ಕೊನೆಗೆ ನಾನೇ ಫೋನು ಮಾಡಿದೆ. "ನಿನ್ನ ಸಾಮಾನೆಲ್ಲ ತಗೊಂಡು ಮನೆಗೆ ಬಾ. ಅದೇ ಉದ್ದದ್ದು ಹಾಕು," ಎಂದೆ.

ಭಾನುವಾರ ಮಧ್ಯಾಹ್ನ ಬಂದಳು. ಕಿಟಕಿಗಳಿಗೆ ಕಂಬಳಿ ಕಟ್ಟಿದೆವು, ಪಡಸಾಲೆಯ ಗೋಡೆಗೆ ಬಿಳಿ ಬೆಡ್‌ಶೀಟು ಹೊಡೆದೆವು. "ಕ್ಯಾಮೆರಾ ತಂದಿಲ್ಲ. ಬೇಕಾದ್ರೆ ನೀನೂ ತಿರುಗಿ ನೋಡ್ಬಹುದು," ಎಂದಳು. ನಾನು ಗೋಡೆಗೆ ಬೆನ್ನು ಹಾಕಿ ಚಾಪೆಯ ಮೇಲೆ ಕೂತೆ. ಅವಳು ನನ್ನ ಪಕ್ಕದಿಂದ ಹಾದು ಹಿಂದೆ, ಗೋಡೆಯ ಎದುರು ಕುರ್ಚಿ ಹಾಕಿಕೊಂಡಳು.

ಅಕ್ಕ ಷಡ್ಜದ ಮೇಲೆ ನಿಂತಾಗ ಕಣ್ಣು ಮುಚ್ಚಿಕೊಂಡೆ. ಅವಳು ಇಷ್ಟ ಬಂದಾಗ ಇಳಿದಳು, ನಾನು ಒಂದು ಚೂರು ತಡವಾಗಿ ಇಳಿದೆ. ದನಿ ಮುಗಿಯಿತು. ಮುಖ ಬೆಳಗಿರಬೇಕು, ಹಿಂದಿನಿಂದ ನನ್ನ ಚಾಪೆಯ ಅಂಚಿಗೆ ಬೆಳಕು ಬಿತ್ತು. ಇನ್ನು ಪಿಟೀಲು ನುಡಿಯುವಷ್ಟು ಹೊತ್ತು ಮಾತ್ರ ಅವಳು ಅಲ್ಲಿರುತ್ತಾಳೆ. ಮುಂದೆ ಹಾಡುವವರು ಯಾರೂ ಇರಲಿಲ್ಲ. ನಾನೊಬ್ಬಳೇ ನುಡಿಸಿದೆ.

ಹಿಂದೆ ಕುರ್ಚಿ ಸರಿದ ಸದ್ದಾಯಿತು. "ಅಮ್ಮಾ," ಎಂದಳು ಹುಡುಗಿ. ಆಮೇಲೆ, ಚಿಕ್ಕವಳಿದ್ದಾಗ ಮಾತಾಡುತ್ತಿದ್ದ ದನಿಯಲ್ಲಿ, "ಆಟೋ ಮುಂದಕ್ಕೇ ಹೋಗ್ಲಿಲ್ಲಮ್ಮ. ಇಳಿದು ಓಡ್ಬೇಕಿತ್ತು ನಾನು. ಓಡ್ಲಿಲ್ಲ. ಕೂತೇ ಇದ್ದೆ," ಎಂದಳು.

ತಿರುಗಬೇಕೆಂದು ಎಷ್ಟು ಆಸೆಯಾಯಿತೆಂದರೆ ಕತ್ತು ನೋಯುತ್ತಿತ್ತು. ಆ ಮುಖ ಕಂಡರೆ ನನ್ನ ಕೈ ನಿಂತುಹೋಗುತ್ತದೆ ಎಂದು ನನಗೆ ಗೊತ್ತಿತ್ತು. ತೋಳು ಸೋತಾಗ, ಮುಗಿಸೋಣವೆಂದು ಷಡ್ಜಕ್ಕೆ ಬಂದು ನಿಂತೆ.

"ಚಿಕ್ಕಮ್ಮ, ನಿಲ್ಲಿಸ್ಬೇಡ," ಎಂದಳು ಹಿಂದಿನಿಂದ. "ಇನ್ನೂ ಹೇಳೋದಿದೆ."

ನಾನು ಮತ್ತೆ ಮಂದ್ರದಿಂದ ಶುರು ಮಾಡಿದೆ.