ಅಂಗಿಯ ಮೇಲೆ ಇಟಾಲಿಯನ್ ಪಾಠ

ಬೆಳಗಿನ ಐದು ಗಂಟೆ. ಓಣಿಯ ತುದಿಯ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ಆಗಲೇ ಕಾದಿದೆ. ಎಲ್ಲರೂ 'ಇಸ್ತ್ರಿ ಮೇಷ್ಟ್ರು' ಎಂದು ಕರೆಯುವ ಅರವತ್ತೆಂಟರ ಹಿರಿಯರು ಬಿಳಿ ಅಂಗಿಯೊಂದನ್ನು ಮೇಜಿನ ಮೇಲೆ ಹರವಿ, ಎದುರು ನಿಂತ ಹೆಣ್ಣುಮಗಳ ಕೈಗೆ ಪೆಟ್ಟಿಗೆ ಕೊಡುತ್ತಾರೆ. ಆಕೆ ಕಾಲರ್ ಉಜ್ಜುತ್ತ 'ಪಾರ್ಲೊ' ಎನ್ನುತ್ತಾಳೆ. ನಾನು ಮಾತಾಡುತ್ತೇನೆ ಎಂದರ್ಥ. ಹೆಗಲಿಗೆ ಬಂದಾಗ 'ಪಾರ್ಲಿ', ನೀನು ಮಾತಾಡುತ್ತೀಯ. ಎರಡು ತೋಳು, ಬೆನ್ನು, ಎದೆ ಮುಗಿಯುವಷ್ಟರಲ್ಲಿ ಅವನು, ನಾವು, ನೀವು, ಅವರು ಎಲ್ಲರೂ ಇಟಾಲಿಯನ್ನಿನಲ್ಲಿ ಮಾತಾಡಿ ಮುಗಿಸಿರುತ್ತಾರೆ.

ಹತ್ತು ಗಂಟೆಗೆ ಆಕೆಗೆ ಇಟಾಲಿಯನ್ ಮೌಖಿಕ ಪರೀಕ್ಷೆ. ಇದು ಎರಡನೆಯ ಸಲ. ಈ ಬಾರಿಯೂ ತಪ್ಪಿದರೆ ಇಟಲಿಯ ವೃದ್ಧಾಶ್ರಮದ ಕೆಲಸ ಬೇರೆಯವರ ಪಾಲು.

ಮೇಷ್ಟ್ರು ಹದಿನೆಂಟು ವರ್ಷ ಹಡಗಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕೋಣೆಯಲ್ಲಿ ದುಡಿದವರು. ಅಲ್ಲಿನ ಇಟಾಲಿಯನ್ ಮೇಸ್ತ್ರಿಯ ಬೈಗುಳವೇ ಅವರ ಮೊದಲ ಪಾಠ. ಈಗ ದಿನಕ್ಕೆ ಎಂಬತ್ತು ಬಟ್ಟೆ, ಏಳು ಮಂದಿ ಶಿಷ್ಯೆಯರು. ಎಲ್ಲರೂ ರೋಗಿಗಳನ್ನು ನೋಡಿಕೊಳ್ಳುವವರು, ಇಟಲಿಯ ಕೆಲಸಕ್ಕಾಗಿ ಭಾಷೆ ಕಲಿಯಲು ಬಂದವರು. "ವ್ಯಾಕರಣ ಅಂದ್ರೆ ಅಂಗಿ ಇದ್ದ ಹಾಗೆ. ಕಾಲರ್ ನೆಟ್ಟಗಾದ್ರೆ ಮಿಕ್ಕಿದ್ದು ಹೇಳಿದ ಮಾತು ಕೇಳುತ್ತೆ" ಎನ್ನುತ್ತಾರೆ.

ಈ ಶಿಷ್ಯೆಯ ಮೇಲೆ ಅವರಿಗೆ ಒಂದು ಕೈ ಹೆಚ್ಚೇ ಮಮತೆ. ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡ ಅವರ ಹೆಂಡತಿಗೆ ಎರಡು ವರ್ಷ ಉಣಿಸಿ, ಮೀಯಿಸಿದವಳು ಇವಳು. ಹೋದ ವರ್ಷ ಆ ತಾಯಿ ದೇವರ ಪಾದ ಸೇರಿದರು.

ಮೊದಲ ಪರೀಕ್ಷೆ ಮುಗಿಸಿ ಈ ಶಿಷ್ಯೆ ಅಳುತ್ತ ಬಂದಿದ್ದಳು.

"ಬಾಯಿಗೇನು ಬೀಗ ಬಿದ್ದಿತ್ತೇನಮ್ಮ?"

"ಕೈ ಸುಮ್ನೆ ಇತ್ತು ಮೇಷ್ಟ್ರೇ. ಅಂಗಿ ಇಲ್ದೆ ಮಾತೇ ಹೊರಡ್ಲಿಲ್ಲ!"

ಮೇಷ್ಟ್ರು ನಕ್ಕರು. ಆಮೇಲೆ ಎರಡು ದಿನ ಊಟ ಸೇರಲಿಲ್ಲ. "ತಪ್ಪು ಅವಳದ್ದಲ್ಲ. ನಾನು ಕೈಗೆ ಕಲಿಸಿದ್ದೆ, ಬಾಯಿಗೆ ಕಲಿಸಿರ್ಲಿಲ್ಲ." ಅಂದಿನಿಂದ ಕೊನೆಯ ಕಾಲುಗಂಟೆ ಪೆಟ್ಟಿಗೆ ಮುಟ್ಟುವಂತಿಲ್ಲ. ಶಿಷ್ಯೆಯರು ಬೆಂಚಿನ ಮೇಲೆ ಕೈಗಳನ್ನು ತೊಡೆಯ ಕೆಳಗಿಟ್ಟು ಕೂತು ಉತ್ತರ ಹೇಳಬೇಕು.

ಇಂದೂ ಹಾಗೆಯೇ. ಆಕೆ 'ನೀವು' ಎನ್ನುವಲ್ಲಿ ತಡವರಿಸುತ್ತಾಳೆ, ಭುಜ ಮಿಸುಕುತ್ತದೆ. ಕೊನೆಗೆ ಬರುತ್ತದೆ: 'ಪಾರ್ಲಾತೆ'. "ಹೋಗಿ ಬಾ ಮಗಳೇ, ದೇವರಿದ್ದಾನೆ" ಎನ್ನುತ್ತಾರೆ ಮೇಷ್ಟ್ರು.

ಹನ್ನೊಂದಕ್ಕೆ ಫೋನು ಬಡಿದುಕೊಳ್ಳುತ್ತದೆ.

"ಪಾಸಾದೆ ಮೇಷ್ಟ್ರೇ!"

"ಕೈ ಎಲ್ಲಿತ್ತು?"

"ತೊಡೆ ಕೆಳಗೇ. ಇನ್ನೂ ಜೋಮು ಬಿಟ್ಟಿಲ್ಲ!"

ಫೋನು ಕೆಳಗಿಟ್ಟು ಮೇಷ್ಟ್ರು ಒಂದು ಗಳಿಗೆ ಕಣ್ಣು ಮುಚ್ಚಿ ಕೈ ಮುಗಿಯುತ್ತಾರೆ. ಇನ್ನು ನಿಮ್ಮ ಆಸೆಯೇನು ಎಂದು ಕೇಳಿದರೆ ಹೇಳುತ್ತಾರೆ:

"ಅಲ್ಲಿ ಇಟಲೀಲಿ ಯಾರೋ ಒಬ್ಬ ಮುದುಕಿ ಇವಳ ಹತ್ರ ನೀರು ಕೇಳ್ತಾಳೆ. ಆಕೆ ಎರಡನೇ ಸಲ ಕೇಳೋ ಹಾಗಾಗಬಾರದು. ಅಷ್ಟೇ ಸಾಕು."