ಭಾವನ ಬೋರ್ಡು ಮಾತಾಡಿದ್ದು

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಬಂಗಾರಪೇಟೆಯಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಚಿನ್ನದ ಗಣಿಯ ಊರಿಗಾಂಗೆ ಕೆಲಸಕ್ಕೆ ಹೋಗಿಬರುತ್ತಿದ್ದೆ. ಅಲ್ಲಿನ ಒಂದು ತರಬೇತಿ ಶಾಲೆಯ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಪಾಠ ಹೇಳುವ ಕೆಲಸ. ಬೆಳಿಗ್ಗೆ ಒಂದು ರೈಲು, ಸಂಜೆ ಒಂದು ರೈಲು, ನಡುವೆ ದಿನವಿಡೀ ನಿಂತೇ ಇರಬೇಕು. ಮನೆ ಸೇರುವಷ್ಟರಲ್ಲಿ ಯಾರೂ ಮಾತಾಡಿಸದಿದ್ದರೆ ಸಾಕು ಅನ್ನಿಸುತ್ತಿತ್ತು.

ಆದರೆ ಮನೆಯಲ್ಲಿ ಭಾವ ನನ್ನ ದಾರಿ ಕಾಯುತ್ತಿದ್ದರು. ಅವರು ಬೇಸಾಯದ ಮನೆಯವರಾದರೂ ಹದಿನೆಂಟಕ್ಕೇ ಗಣಿ ಸೇರಿ, ಭೂಮಿಯೊಳಗೆ ಎಲೆಕ್ಟ್ರಿಷಿಯನ್ ಆಗಿ ದುಡಿದವರು. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಇಳಿದು, ಐವತ್ತು ತುಂಬುವ ಮೊದಲೇ ಡಾಕ್ಟರು ಕೆಲಸಕ್ಕಾಗುವುದಿಲ್ಲ ಎಂದು ಬರೆದುಕೊಟ್ಟರು. ಅಂಗಳದಿಂದ ಬೀದಿಯ ನಲ್ಲಿಯವರೆಗೆ ನಡೆದರೆ ಎರಡು ಸಲ ನಿಲ್ಲಬೇಕಾಗುತ್ತಿತ್ತು. ಕೈಗಳು ಮಾತ್ರ ಗಟ್ಟಿಯಾಗಿದ್ದವು, ಮಾಡಲು ಕೆಲಸವಿರಲಿಲ್ಲ. ನಾನು ಓದಿ ಬಿಸಾಕಿದ್ದ ಪತ್ರಿಕೆಯೊಂದರಲ್ಲಿ ಒಂದೇ ಹಲಗೆಯ ಕಂಪ್ಯೂಟರಿನ ಜಾಹೀರಾತು ನೋಡಿ, ಬಿಡಿಭಾಗಗಳನ್ನು ಅಂಚೆಯಲ್ಲಿ ತರಿಸಿಕೊಂಡರು. ಮಕ್ಕಳ ಸ್ಲೇಟಿನಷ್ಟು ಅಗಲದ ಬೋರ್ಡು, ಒಂದಷ್ಟು ಕೀಲಿಗಳು, ಕೆಂಪಗೆ ಉರಿಯುವ ಆರು ಅಂಕಿಗಳ ಜಾಗ. ಬೆಸುಗೆಯೆಲ್ಲ ಅವರೇ ಹಾಕಿದರು. ಹೊಗೆ ಎದೆಗೆ ಹೋಗದಂತೆ ಅಕ್ಕ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತಿದ್ದಳು.

ಮೊದಲ ತೊಂದರೆ ಕರೆಂಟಿನದು. ಬೋರ್ಡಿಗೆ ಐದು ವೋಲ್ಟು ಬೇಕು. ಅದಕ್ಕೆಂದು ಭಾವ ಟ್ರಾನ್ಸ್‌ಫಾರ್ಮರು, ಡಯೋಡು ಸೇರಿಸಿ ಒಂದು ಪೆಟ್ಟಿಗೆ ಮಾಡಿದ್ದರು. ಸ್ವಿಚ್ಚು ಹಾಕಿದರೆ ಅಂಕಿಗಳು ಒಮ್ಮೆ ಬೆಳಗಿ ಆರಿಹೋಗುತ್ತಿದ್ದವು, ಮತ್ತೆ ಬೆಳಗಿ ಮತ್ತೆ ಆರುತ್ತಿದ್ದವು. ಸುತ್ತಲ ಹಳ್ಳಿಗಳ ಪಂಪ್‌ಸೆಟ್ಟುಗಳು ಶುರುವಾದರೆ ನಮ್ಮ ಮನೆಯ ಬಲ್ಬೇ ಕೆಂಪಗಾಗುತ್ತಿತ್ತು. ಅದರದೇ ಕಾಟ ಎಂದುಕೊಂಡೆವು. ಆದರೆ ಕರೆಂಟು ಚೆನ್ನಾಗಿದ್ದ ಹೊತ್ತಿನಲ್ಲೂ ಅದೇ ಕತೆ. ಪೆಟ್ಟಿಗೆಯ ಬಾಯಲ್ಲಿ ಮೀಟರು ಹಿಡಿದರೆ ಸರಿಯಾಗಿ ಐದು ತೋರಿಸುತ್ತಿತ್ತು. ಮೂರು ವಾರ ನಾವು ಪೆಟ್ಟಿಗೆಯನ್ನೇ ಬಿಚ್ಚಿ ಕಟ್ಟಿದೆವು.

ಒಂದು ಭಾನುವಾರ ಭಾವ ಮೀಟರಿನ ತಂತಿಯ ಮೊನೆಗಳನ್ನು ಪೆಟ್ಟಿಗೆಗೆ ಹಿಡಿಯದೆ ಬೋರ್ಡಿನ ಮೇಲಿನ ಚಿಪ್ಪಿನ ಕಾಲುಗಳಿಗೇ ಹಿಡಿದರು. ನಾಲ್ಕೂವರೆಯೂ ಇರಲಿಲ್ಲ.

"ದಾರೀಲೇ ಕಳ್ದೋಗ್ತೈತೆ ಕಣಮ್ಮ," ಅಂದರು. "ಕಾಲಿಂಗ್ ಬೆಲ್ಲಿನ ವೈರು ಆಕಿದ್ದೀನಿ, ಕೂದ್ಲಂಗೈತೆ. ಅದೆಲ್ಲಿ ತಡೀತದೆ."

ದಪ್ಪ ತಂತಿ ಹಾಕಿ ಅದರ ಉದ್ದವನ್ನೂ ಕಡಿಮೆ ಮಾಡಿದ ಮೇಲೆ ಅಂಕಿಗಳು ಆರದೆ ನಿಂತವು. ಆದರೆ ಆರೂ ಜಾಗದಲ್ಲಿ ಎಂಟು, ಬರೀ ಎಂಟು. ಎಚ್ಚರವಾದೊಡನೆ ಏನು ಮಾಡಬೇಕೆಂದು ಬೋರ್ಡಿಗೆ ಹೇಳುವ ಪ್ರೋಗ್ರಾಮು ಒಂದು ಚಿಪ್ಪಿನಲ್ಲಿತ್ತು. ಅದು ಓಡಿದ್ದರೆ ಒಂದು ಚಿಕ್ಕ ಗೆರೆ ಕಾಣಿಸಿ, ಕೀಲಿ ಒತ್ತಲು ಕಾಯಬೇಕಿತ್ತು. ರೀಸೆಟ್ ಗುಂಡಿ ಒತ್ತಿ ಒತ್ತಿ ನನ್ನ ಹೆಬ್ಬೆರಳು ನೋಯುತ್ತಿತ್ತು. ನಾನು ಲ್ಯಾಬಿನಿಂದ ಭೂತಗನ್ನಡಿ ತಂದು ಪ್ರತಿ ಬೆಸುಗೆಯನ್ನೂ ನೋಡಿದೆ. ಏನೂ ಸಿಗಲಿಲ್ಲ.

ಆ ದಿನ ಅಕ್ಕ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಎದ್ದು ಹೋಗುವಾಗ ಬೋರ್ಡಿನ ಮೇಲೆ ಬಗ್ಗಿ ನೋಡಿದಳು.

"ಲೇ, ಇದುಕ್ಕೆ ಈ ಕಡೆ ಒಂದು ಕಾಲು ಕಮ್ಮಿ ಐತಲ್ಲೇ. ಒಳೀಕೆ ಮಡಿಸ್ಕಂಡು ಕುಂತೈತೆ ನೋಡು."

ನಿಜ. ಚಿಪ್ಪನ್ನು ಸಾಕೆಟ್ಟಿಗೆ ಒತ್ತುವಾಗ ಒಂದು ಕಾಲು ತೂತಿಗೆ ಇಳಿಯದೆ ಹೊಟ್ಟೆಯಡಿಗೆ ಮಡಚಿಕೊಂಡಿತ್ತು. ಚಿಪ್ಪು ಕಿತ್ತು, ಮುರಿಯುತ್ತದೇನೋ ಎಂದು ಹೆದರುತ್ತಲೇ ಪಿನ್ನಿನಿಂದ ಕಾಲನ್ನು ನೆಟ್ಟಗೆ ಮಾಡಿದೆ. ಸ್ವಿಚ್ಚು ಹಾಕಿದಾಗ ಗೆರೆ ಬಂತು. ಅಕ್ಕ ಅಷ್ಟರಲ್ಲಿ ಅಕ್ಕಿ ತೊಳೆಯಲು ಹೋಗಿಯಾಗಿತ್ತು.

ಇಷ್ಟಕ್ಕೇ ನಿಂತಿದ್ದರೆ ನನಗೆ ಸಾಕಾಗಿತ್ತು. ಭಾವನಿಗೆ ಸಾಕಾಗಲಿಲ್ಲ. ಕೆಂಪು ಅಂಕಿಗಳಲ್ಲ, ಪರದೆಯ ಮೇಲೆ ಅಕ್ಷರ ಕಾಣಬೇಕು ಅಂದರು. ಬೋರ್ಡಿನಲ್ಲಿ ಸೀರಿಯಲ್ ಕನೆಕ್ಷನ್ ಇತ್ತು. ಕಳಿಸಲು ಒಂದು ತಂತಿ, ಕೇಳಲು ಒಂದು, ಎರಡಕ್ಕೂ ಸೇರಿ ಅರ್ತಿನ ತಂತಿ ಒಂದು. ಇನ್ನೊಂದು ತುದಿಗೆ ಕೀಬೋರ್ಡೂ ಪರದೆಯೂ ಇರುವ ಟರ್ಮಿನಲ್ ಬೇಕು. ಅದು ನನ್ನ ಲ್ಯಾಬಿನಲ್ಲಿ ಮಾತ್ರ ಇತ್ತು. ಹಾಗಾಗಿ ನಾನು ಬೋರ್ಡನ್ನು ಟವಲ್ಲಿನಲ್ಲಿ ಸುತ್ತಿ, ಊಟದ ಬ್ಯಾಗಿನಲ್ಲಿಟ್ಟು, ರೈಲಿನ ನೂಕುನುಗ್ಗಲಿನಲ್ಲಿ ಎದೆಗವಚಿಕೊಂಡು ಒಯ್ಯತೊಡಗಿದೆ. ಊಟದ ಬಿಡುವಿನಲ್ಲಿ ಜೋಡಿಸುವುದು, ನೋಡುವುದು, ಬಿಚ್ಚುವುದು, ಸಂಜೆ ಭಾವನಿಗೆ ವರದಿ ಒಪ್ಪಿಸುವುದು.

ಮೊದಲು ಪರದೆಯಲ್ಲಿ ಏನೂ ಬರಲಿಲ್ಲ. ನಾನು ಆ ಕಡೆಯ ಕಳಿಸುವ ತಂತಿಯನ್ನು ಈ ಕಡೆಯ ಕಳಿಸುವ ತಂತಿಗೇ ಸೇರಿಸಿದ್ದೆ.

"ಇಬ್ರೂ ಬಾಯಿಗೆ ಬಾಯಿ ಕೊಟ್ಟಂಗಾಯ್ತು," ಅಂದರು ಭಾವ. "ಒಬ್ರ ಬಾಯಿ ಇನ್ನೊಬ್ರ ಕಿವೀಗೆ ಓಗ್ಬೇಕು. ಅದಲು ಬದಲು ಮಾಡು."

ಮಾಡಿದೆ. ಮಾರನೆಯ ದಿನ ಏನೋ ಬಂತು, ಆದರೆ ಕೊಕ್ಕೆಗಳು, ಚುಕ್ಕಿಗಳು, ಅರ್ಥವಿಲ್ಲದ ಅಕ್ಷರಗಳು. ವೇಗ ಹೊಂದುತ್ತಿಲ್ಲ ಎಂದು ಇಬ್ಬರಿಗೂ ಗೊತ್ತಾಯಿತು. ಬೋರ್ಡು ಕಳಿಸುವ ವೇಗಕ್ಕೆ ಟರ್ಮಿನಲ್ಲನ್ನೂ ಹೊಂದಿಸಲು ಅದರ ಬೆನ್ನ ಮೇಲೆ ಎಂಟು ಪುಟ್ಟ ಸ್ವಿಚ್ಚುಗಳಿದ್ದವು. ಅವುಗಳ ಮೇಲೆ ಬರೆದ ಅಂಕಿಗಳು ಸವೆದುಹೋಗಿದ್ದವು. ಯಾವ ವೇಗಕ್ಕೆ ಯಾವ ಸ್ವಿಚ್ಚು ಎನ್ನುವ ಹಾಳೆಯನ್ನು ನಾನು ಲ್ಯಾಬಿನಿಂದ ತಂದು ಭಾವನಿಗೆ ಕೊಟ್ಟಿದ್ದೆ. ಅವರು ಹೇಳಿದಂತೆ ನಾನು ದಿನಕ್ಕೊಂದು ವೇಗ ಹಾಕಿ ನೋಡಿದೆ. ದಿನವೂ ಬಂದದ್ದು ಕಸ.

"ಏನು ಬಂತು?"

"ಕಸ."

"ಎಂಥಾ ಕಸ? ನೆನ್ನೇದೇನಾ, ಬೇರೇದಾ?"

ಎರಡು ವಾರವಾದ ಮೇಲೆ ಒಂದು ಸಂಜೆ, ಚಪ್ಪಲಿ ಬಿಡುವ ಮೊದಲೇ ಆ ಪ್ರಶ್ನೆ ಬಂದಾಗ, ನಾನು ಬ್ಯಾಗನ್ನು ಅವರ ಮುಂದಿಟ್ಟುಬಿಟ್ಟೆ. "ಬಿಟ್ಬಿಡಿ ಭಾವ. ನಂಗೂ ಸಾಕಾಗೈತೆ. ಇದ್ರಿಂದ ಯಾರ್ಗೇನು ಉಪಯೋಗ?"

ಅವರು ಬ್ಯಾಗನ್ನು ಎತ್ತಿ ಒಳಗಿಟ್ಟರು. ಎರಡು ದಿನ ಬೋರ್ಡಿನ ಮಾತೇ ಎತ್ತಲಿಲ್ಲ. ಒಳಗಿನಿಂದ ಅವರ ಕೆಮ್ಮು ಕೇಳುವಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ನಾನು ಜಡೆ ಹೆಣೆದುಕೊಳ್ಳುವಾಗ ಬಾಗಿಲ ಬಳಿ ನಿಂತರು.

"ಶನಿವಾರ ಮಧ್ಯಾಹ್ನ ಲ್ಯಾಬು ಖಾಲಿ ಇರ್ತದಲ್ಲ. ನಾನೇ ಬತ್ತೀನಿ."

ಅಕ್ಕ ಬೇಡವೆಂದಳು. ಅವರು ಕೇಳಲಿಲ್ಲ. ಕೆಲಸ ಬಿಟ್ಟ ಮೇಲೆ ಅವರು ಆ ಕಡೆ ಹೋಗಿರಲೇ ಇಲ್ಲ. ಸ್ಟೇಷನ್ನಿನ ಮೆಟ್ಟಿಲುಗಳನ್ನು ಐದೈದಾಗಿ ಹತ್ತಿದೆವು. ಜನ ನಮ್ಮನ್ನು ಬಳಸಿಕೊಂಡು ಹೋದರು. ರೈಲಿನಲ್ಲಿ ಕಿಟಕಿ ಪಕ್ಕ ಕೂತು, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ಗುಡ್ಡಗಳು ಕಾಣಿಸಿದಾಗ ಮುಖ ಈ ಕಡೆ ತಿರುಗಿಸಿಕೊಂಡರು. ಊರಿಗಾಂನಲ್ಲಿ ಇಳಿದು, ಹತ್ತು ನಿಮಿಷದ ದಾರಿ ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಲ್ಯಾಬಿನ ಅಟೆಂಡರ್ ವಯಸ್ಸಾದ ತಮಿಳಿನವರು. ಬಾಗಿಲು ತೆಗೆದವರೇ ಸ್ಟೂಲು ತಂದರು.

"ಉಕ್ಕಾರುಂಗ ಅಣ್ಣಾ, ಕೂತ್ಕೊಳ್ಳಿ. ನಿಧಾನವಾ. ಏನೂ ಅರ್ಜೆಂಟಿಲ್ಲ."

ಟರ್ಮಿನಲ್ ಇದ್ದ ಮೇಜಿನ ಮುಂದೆ ಕುರ್ಚಿಗಳ ರಾಶಿ ಇದ್ದದ್ದರಿಂದ ಅಟೆಂಡರು ಸ್ಟೂಲನ್ನು ಹಿಂಬದಿಗೇ ಹಾಕಿದ್ದರು. ಭಾವ ಅಲ್ಲೇ ಕುಸಿದು ಕೂತು ಬಹಳ ಹೊತ್ತು ಉಸಿರು ತಂದುಕೊಂಡರು. ನಾನು ಕುರ್ಚಿಗಳ ನಡುವೆ ತೂರಿಕೊಂಡು ಎಂದಿನಂತೆ ಮುಂದೆ ನಿಂತು, ಟರ್ಮಿನಲ್ ಮೇಲೆ ಬಗ್ಗಿ, ತಲೆಕೆಳಗಾಗಿ ಸ್ವಿಚ್ಚುಗಳನ್ನು ಎಣಿಸತೊಡಗಿದೆ. ಭಾವ ನನ್ನ ಬೆರಳನ್ನೇ ನೋಡುತ್ತಿದ್ದರು.

"ಒಂದನೇದು ಯಾವ್ದು ಅಂದೆ?"

"ಇದು."

"ನನ್ಗೆ ಅದು ಎಂಟನೇದು," ಅಂದರು.

ಮೇಲಿಂದ ಬಗ್ಗಿ ನೋಡುವ ನನಗೆ ಎಡ ಬಲವಾಗಿತ್ತು. ಎರಡು ವಾರ ನಾನು ಎಲ್ಲವನ್ನೂ ಹಿಂದುಮುಂದಾಗಿ ಹಾಕಿದ್ದೆ. ಕೋಪವೂ ಬರಲಿಲ್ಲ, ಸುಮ್ಮನೆ ಮೇಜಿಗೆ ಒರಗಿ ನಿಂತೆ. ಭಾವ ಸ್ಟೂಲಿನಿಂದ ಏಳದೆ ಪೆನ್ನಿನ ತುದಿಯಿಂದ ಸ್ವಿಚ್ಚುಗಳನ್ನು ಒಂದೊಂದಾಗಿ ಸರಿಸಿದರು. ರೀಸೆಟ್ ಒತ್ತಿದೆ. ಹಸಿರು ಅಕ್ಷರಗಳಲ್ಲಿ ಪ್ರೋಗ್ರಾಮಿನ ಹೆಸರು, ಅದರ ಕೆಳಗೆ ಅಪ್ಪಣೆಗೆ ಕಾಯುವ ಒಂದು ಚುಕ್ಕಿ ಬಂತು.

ಕುರ್ಚಿಗಳನ್ನು ಸರಿಸಿ ಭಾವನನ್ನು ಮುಂದಕ್ಕೆ ಕರೆತಂದು ಕೂರಿಸಿದೆವು. ಒಂದೇ ಬೆರಳಿನಲ್ಲಿ ನಾಲ್ಕು ಅಂಕಿಗಳನ್ನು ಒತ್ತಿದರು. ಏನದು ಎಂದು ಕೇಳಿದೆ. ಗಣಿಗೆ ಇಳಿಯುವಾಗ ದಿನವೂ ಕೊಡುತ್ತಿದ್ದ ಟೋಕನ್ ನಂಬರಂತೆ. ಬೋರ್ಡು ಅದನ್ನು ಪರದೆಗೆ ಕಳಿಸಿ, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಸುಮ್ಮನಾಯಿತು. ಅದಕ್ಕೆ ತಿಳಿಯುವ ಅಪ್ಪಣೆ ಅದಲ್ಲ.

"ಇದುಕ್ಕೂ ನಾನ್ಯಾರು ಅಂತ ಗೊತ್ತಾಗ್ನಿಲ್ಲ," ಅಂದು ನಕ್ಕರು. ನಗು ಕೆಮ್ಮಾಯಿತು. ಅಟೆಂಡರು ನೀರು ತಂದುಕೊಟ್ಟು, ಕುಡಿದು ಮುಗಿಯುವವರೆಗೂ ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದರು.

"ಬಿಟ್ಬಿಡಿ ಅಂದಿದ್ದು ತಪ್ಪಾಯ್ತು ಭಾವ," ಅಂದೆ.

"ನಿನ್ಗೆ ಸಾಕಾಗಿತ್ತು, ನೀನಂದೆ. ನನ್ಗೂ ಸಾಕಾಗಿತ್ತು. ಬಾಯ್ಬಿಟ್ಟು ಏಳಕ್ಕಾಗ್ಲಿಲ್ಲ ಅಷ್ಟೆ. ಆರ್ಸು, ರೈಲಿಗೆ ಒತ್ತಾಯ್ತು."

ಆಮೇಲೆ ಅವರು ಎರಡು ಚಳಿಗಾಲ ಬದುಕಿದ್ದರು. ಬೋರ್ಡನ್ನು ಲ್ಯಾಬಿಗೇ ಕೊಟ್ಟುಬಿಟ್ಟರು, ಮತ್ತೆ ಅದನ್ನು ಕೇಳಲಿಲ್ಲ. ಅದನ್ನು ಹೊತ್ತು ತಿರುಗುವುದು ತಪ್ಪಿತಲ್ಲ ಎಂದು ನನಗೆ ಮೊದಲು ಅನ್ನಿಸಿದ್ದು ಸಂತೋಷವೇ. ಆ ಶನಿವಾರ ವಾಪಸು ಬರುವಾಗ ಅವರು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋಗಿದ್ದರು. ಬಂಗಾರಪೇಟೆಯಲ್ಲಿ ಬೋಗಿ ಖಾಲಿಯಾದರೂ ನಾನು ಎಬ್ಬಿಸಲಿಲ್ಲ. ಗುಡಿಸುವವಳು ಬಂದು ಪೊರಕೆ ಹಿಡಿದು ನಿಂತಳು. ಇನ್ನೊಂದು ಐದು ನಿಮಿಷ ಇರಲಿ ಎಂದು ಕೈ ಮಾಡಿದೆ. ಅವಳು ಆ ಕಡೆಯ ಸೀಟುಗಳಡಿ ಗುಡಿಸಲು ಹೋದಳು.